ಕಂಪನಿಯ ಹಂಗಿಲ್ಲದ ವಿಲ್ಕೊ

ಪ್ರಶ್ನೆ: ದೊಡ್ಡ ಧ್ವನಿಮುದ್ರಣ ಕಂಪನಿ ಕೈಬಿಟ್ಟ ಮೇಲೆ ರಾಕ್ ತಂಡವೊಂದು ಉಳಿದುಕೊಳ್ಳಬಲ್ಲದೇ?

ಉತ್ತರ: ಖಂಡಿತ, ಅಮೆರಿಕದ ಷಿಕಾಗೊ ನಗರದ ವಿಲ್ಕೊ ತಂಡ ಉಳಿದದ್ದಷ್ಟೇ ಅಲ್ಲ, ಬೆಳೆಯಿತು ಕೂಡ. ಜೆಫ್ ಟ್ವೀಡಿ ಮುಂದಾಳತ್ವದಲ್ಲಿ 1994ರಲ್ಲಿ ಹುಟ್ಟಿದ ಈ ತಂಡದ ಆರಂಭದ ಆಲ್ಬಮ್‌ಗಳನ್ನು ವಾರ್ನರ್ ಸಮೂಹದ ರಿಪ್ರೈಸ್ ಸಂಸ್ಥೆ ಹೊರತಂದಿತ್ತು. ಆದರೆ 2001ರಲ್ಲಿ ತಂಡ ಒಪ್ಪಿಸಿದ ‘ಯಾಂಕೀ ಹೋಟೆಲ್ ಫಾಕ್ಸ್‌ಟ್ರಾಟ್’ ಆ ಸಂಸ್ಥೆಗೆ ರುಚಿಸಲಿಲ್ಲ. ಶಾರ್ಟ್‌ವೇವ್ ರೇಡಿಯೊದಲ್ಲಿ ಹೆಣ್ಣುದನಿಯೊಂದು ಈ ಮೂರು ಪದಗಳನ್ನೇ ಮತ್ತೆ ಮತ್ತೆ ಉಚ್ಚರಿಸುವ ಧ್ವನಿಮುದ್ರಿಕೆಯೂ ಅದರ ಒಂದು ಹಾಡಿನಲ್ಲಿ ಸೇರಿದೆಯೆಂದರೆ, ವ್ಯಾಪಾರಿಗಳ ಅಳುಕು ಊಹಿಸಬಹುದು! ಆಲ್ಬಮ್ಮಿನ ಹಕ್ಕಿನೊಂದಿಗೇ ಹೊರಬಂದ ತಂಡವು ಅದೇ ಸೆಪ್ಟೆಂಬರ್‌ನಲ್ಲಿ ಅದನ್ನು ತನ್ನ ಜಾಲತಾಣದಲ್ಲಿ ಎಲ್ಲರಿಗೂ ಉಚಿತವಾಗಿ ಕೇಳಿಸಿತು. 2002ರ ಏಪ್ರಿಲ್‌ನಲ್ಲಿ ಅದನ್ನು ಮಾರುಕಟ್ಟೆಗೆ ತಂದ ನಾನ್‌ಸಚ್ ಸಹ ವಾರ್ನರ್ ಸಮೂಹದ್ದೇ ಆದ್ದರಿಂದ, ಬೇಡವೆಂದ ಸರಕಿಗೆ ಆ ಸಮೂಹ ಎರಡನೆಯ ಬಾರಿ ಹಣ ತೆತ್ತಂತಾಯಿತು. ಪುಕ್ಕಟೆಯಾಗಿ ಕೇಳಿದವರೂ ಕೊಂಡರೆಂದು ಕಾಣುತ್ತದೆ: ಆಲ್ಬಮ್ ಅಮೆರಿಕದ ಆಲ್ಬಮ್ ಮಾರಾಟವನ್ನು ಅಳೆಯುವ ಬಿಲ್‌ಬೋರ್ಡ್ ಪಟ್ಟಿಯನ್ನು 13ನೆಯ ಸ್ಥಾನದಲ್ಲಿ ಪ್ರವೇಶಿಸಿತು. ತಂಡ ಡಿಬಿಪಿಎಂ ಎಂಬ ಸ್ವಂತ ಸಂಸ್ಥೆ ಕಟ್ಟಿದ್ದು 2011ರಲ್ಲಿ. ಆಗಲೂ ವಿತರಣೆಯ ಹೊಣೆಯನ್ನು ಆ್ಯಂಟಿ ಎಂಬ ಸ್ವತಂತ್ರ ಸಂಸ್ಥೆಗೇ ವಹಿಸಿತ್ತು.