ರಾಜಧಾನಿ ನೋಡಿ ಮನೆ ಮಾಡ್ಬೇಡಿ, ನದಿ ನೋಡಿ ಮಾಡಿ

ವಾಲ್‌ಡಾರ್ಫ್‌ನಲ್ಲಿ ಕೆಲ್ಸ ಸಿಕ್ಕಿದೆ, ಜರ್ಮನಿಯ ಬಾಡೆನ್-ವುರ್ಟೆಂಬರ್ಗ್ ರಾಜ್ಯಕ್ಕೆ ಸ್ಟುಟ್‌ಗಾರ್ಟ್ ರಾಜಧಾನಿ ಅಲ್ವಾ, ಅಲ್ಲೇ ಮನೆ ಮಾಡ್ಲಾ ಅಂತ ಕೇಳಿದ್ರಲ್ಲ, ದಯವಿಟ್ಟು ಬೇಡ. ರಾಜ್ಯ ಕರ್ನಾಟಕದ ಐದನೇ ಒಂದು ಭಾಗದಷ್ಟೂ ಇಲ್ಲ ನಿಜ, ಆದ್ರೆ ದಿನಾ ಅಷ್ಟು ದೂರ ಓಡಾಡೋದು ಕಷ್ಟ.

ಮ್ಯಾಪ್ ತೆಗೆದು ಮೊದ್ಲು ನದಿಗಳನ್ನ ನೋಡಿ. ಪಶ್ಚಿಮಕ್ಕೆ ರೈನ್, ಅದ್ರ ಬಯಲಲ್ಲಿ ದಕ್ಷಿಣದಿಂದ ಫ್ರೈಬುರ್ಗ್, ಕಾರ್ಲ್ಸ್‌ರೂಹೆ, ಮನ್‌ಹೈಮ್ ಅಂತ ಒಂದೇ ಸಾಲು, ನಿಮ್ಮ ವಾಲ್‌ಡಾರ್ಫ್ ಕೂಡ ಇದೇ ಸಾಲಲ್ಲಿ. ಸ್ಟುಟ್‌ಗಾರ್ಟ್ ಪೂರ್ವಕ್ಕೆ ನೆಕ್ಕರ್ ಕಡೆ, ಸುತ್ತ ಗುಡ್ಡ, ಗುಡ್ಡದ ಮೇಲೆ ದ್ರಾಕ್ಷಿ ತೋಟ, ಊರೊಳಗೇ ಮೆಟ್ಟಿಲು ಹತ್ತಿ ಇಳಿಯೋ ದಾರಿಗಳು, ಬಾಷ್, ಮರ್ಸಿಡಿಸ್, ಪೋರ್ಷೆ ಕಡೆ ಕೆಲ್ಸ ಇರೋರಿಗೆ ಸರಿ.

ನಿಮಗೆ ಸರಿಹೋಗೋದು ಹೈಡೆಲ್‌ಬರ್ಗ್ ಅಥವಾ ಮನ್‌ಹೈಮ್. ಹೈಡೆಲ್‌ಬರ್ಗ್ ತುಂಬಾ ಚಂದ, 1386ರ ಯೂನಿವರ್ಸಿಟಿ ಇರೋ ಊರು, ಅದಕ್ಕೇ ಸ್ಟೂಡೆಂಟ್ಸ್ ಜೊತೆ ಪೈಪೋಟಿ ಮಾಡಿ ಮನೆ ಹಿಡೀಬೇಕು. ನಾನಾದ್ರೆ ಮನ್‌ಹೈಮ್ ಅಂತೀನಿ, ನೆಕ್ಕರ್ ಹೋಗಿ ರೈನ್‌ಗೆ ಸೇರೋದು ಅಲ್ಲೇ. ಊರಿನ ನಡುಭಾಗ ಚದುರಂಗದ ಮಣೆ ಥರ ಇದೆ, ಬಹುತೇಕ ವಿಳಾಸದಲ್ಲಿ ರಸ್ತೆ ಹೆಸರೇ ಇರಲ್ಲ, ಕ್ಯೂ 7 ಅಂತ ಬ್ಲಾಕ್ ನಂಬರ್, ಆಮೇಲೆ ಮನೆ ನಂಬರ್, ಅಷ್ಟೇ. ವಿಳಾಸ ಅರ್ಧಂಬರ್ಧ ಇದೆ ಅಂದ್ಕೊಂಡು ಜಾಹೀರಾತು ಬಿಟ್ಬಿಡ್ಬೇಡಿ. ಎರಡೂ ಕಡೆಯಿಂದ ವೀಸ್ಲೋಕ್-ವಾಲ್‌ಡಾರ್ಫ್ ಸ್ಟೇಷನ್‌ಗೆ ಎಸ್-ಬಾನ್ ಅನ್ನೋ ಲೋಕಲ್ ರೈಲು ಇದೆ, ದೇಶದ ಲೋಕಲ್ ರೈಲು, ಬಸ್ಸಿಗೆಲ್ಲ ನಡೆಯೋ ತಿಂಗಳ ಪಾಸ್ ಡಾಯ್ಚ್‌ಲಾಂಡ್ ಟಿಕೆಟ್ ಸಾಕು, ಐಸಿಇ ಥರದ ದೂರದ ವೇಗದ ರೈಲುಗಳಿಗೆ ಮಾತ್ರ ಅದು ನಡೆಯಲ್ಲ.

ರಜೆ ಸಿಕ್ಕಾಗ ದಕ್ಷಿಣಕ್ಕೆ ಹೋಗಿ. ಬ್ಲ್ಯಾಕ್ ಫಾರೆಸ್ಟ್‌ನ ಫೆಲ್ಡ್‌ಬರ್ಗ್ ಬೆಟ್ಟ 1,493 ಮೀಟರ್, ನಮ್ಮ ಮುಳ್ಳಯ್ಯನಗಿರಿಗಿಂತ ಕಮ್ಮಿನೇ, ಆದ್ರೆ ಚಳಿಗಾಲದಲ್ಲಿ ಹಿಮ. ಅದಕ್ಕಿಂತ ನಂಗೆ ಇಷ್ಟ ಇಮ್ಮೆಂಡಿಂಗನ್. ಡ್ಯಾನ್ಯೂಬ್ ನದಿ ಅಲ್ಲಿ ಸುಣ್ಣಕಲ್ಲಿನ ಬಿರುಕಿಗೆ ಇಳಿದುಹೋಗತ್ತೆ, ಮಳೆ ಇಲ್ದಿದ್ದಾಗ ಪಾತ್ರದಲ್ಲಿ ಬರೀ ಕಲ್ಲು, ನಡ್ಕೊಂಡೇ ದಾಟ್ಬಹುದು, ಹಂಗೆ ಇಳಿದ ನೀರು ಆಹ್‌ಟೋಪ್ಫ್ ಅನ್ನೋ ಊಟೆಯಲ್ಲಿ ಉಕ್ಕಿ ಬೋಡನ್‌ಸೀ ಸರೋವರ ಸೇರಿ ರೈನ್ ಆಗಿ ಹರಿಯತ್ತೆ, ಕಪ್ಪು ಸಮುದ್ರಕ್ಕೆ ಹೋಗ್ಬೇಕಾದ ನೀರು ಉತ್ತರ ಸಮುದ್ರಕ್ಕೆ!

ಟ್ಯೂಬಿಂಗನ್‌ಗೂ ಒಂದ್ಸಲ ಹೋಗ್ಲೇಬೇಕು, ಸ್ಟುಟ್‌ಗಾರ್ಟ್‌ನಿಂದ ದಕ್ಷಿಣಕ್ಕೆ, ನೆಕ್ಕರ್ ದಡದಲ್ಲೇ. ಕನ್ನಡ ನಿಘಂಟು ಮಾಡಿದ ಕಿಟ್ಟೆಲ್ 1903ರಲ್ಲಿ ತೀರ್ಕೊಂಡಿದ್ದು ಆ ಊರಲ್ಲಿ.

ಮನೆ ಹುಡುಕೋದು ಈಗಿಂದ್ಲೇ ಶುರು ಮಾಡಿ, ವಿಳಾಸ ಸಿಕ್ಕಿದ್ರೆ ಇಲ್ಲಿ ಹಾಕಿ, ಸ್ಟೇಷನ್ ಎಷ್ಟು ಹತ್ರ ಅಂತ ನೋಡಿ ಹೇಳ್ತೀನಿ.