ಎರಡೇ ನಿಮಿಷಕ್ಕೆ ಎದ್ದು ಹೋಗ್ತಾರೆ, ಏನ್ ಮಾಡ್ಲಿ?

ಪ್ರಶ್ನೆ: ಸರ್ ನಮಸ್ತೆ, ನಾನು ಸಾಗರದ ಕಡೆಯವನು. ಅಡಿಕೆ ತೋಟದಲ್ಲಿ ಕೆಲಸ ಮಾಡೋರನ್ನ ಮಾತಾಡಿಸಿ ಪಾಡ್‌ಕಾಸ್ಟ್ ಮಾಡ್ತಿದೀನಿ, 9 ಎಪಿಸೋಡ್ ಆಯ್ತು, ಒಂದೊಂದೂ ಹತ್ತಿರಹತ್ತಿರ ಒಂದು ಗಂಟೆ. ಯೂಟ್ಯೂಬ್ ಗ್ರಾಫ್ ನೋಡಿದ್ರೆ ಎರಡು ನಿಮಿಷದೊಳಗೆ ಅರ್ಧಕ್ಕರ್ಧ ಜನ ಖಾಲಿ. ಫ್ರೆಂಡ್ಸೆಲ್ಲ 15 ನಿಮಿಷಕ್ಕೆ ಇಳಿಸು ಅಂತಾರೆ. ಕೊನೆಗೌಡರ (ಮರ ಹತ್ತಿ ಅಡಿಕೆ ಕೊನೆ, ಅಂದ್ರೆ ಗೊನೆ, ಇಳಿಸೋರು) ಜೊತೆ ಮಾಡಿದ ಎಪಿಸೋಡ್ ಲಿಂಕು, ಗ್ರಾಫಿನ ಸ್ಕ್ರೀನ್‌ಶಾಟು ಎರಡೂ ಕಳಿಸಿದೀನಿ, ಎಲ್ಲಿ ಎಡವಟ್ಟಾಗ್ತಿದೆ ಹೇಳಿ.
- ಹೆಸರು ಬೇಡ, ಸಾಗರ

ಉತ್ತರ: ಪೂರ್ತಿ ಕೇಳ್ದೆ ಮಾರಾಯ್ರೆ, ಅರ್ಧ ಬಸ್ಸಲ್ಲಿ, ಇನ್ನರ್ಧ ರಾತ್ರಿ ಪಾತ್ರೆ ತೊಳೀತಾ. ಉದ್ದ ಮುಟ್ಟೋಕೆ ಹೋಗ್ಬೇಡಿ. ನಿಮ್ಮದೇ ಗ್ರಾಫಲ್ಲಿ 10 ನಿಮಿಷ ದಾಟಿದವರು ಬಹುಪಾಲು ಕೊನೆವರೆಗೂ ಕೂತಿದಾರೆ, ಅವರಿಗೆ ಒಂದು ಗಂಟೆ ಹೆಚ್ಚಾಗಿಲ್ಲ. ಶುರುವಲ್ಲಿ ಗೆರೆ ಸ್ವಲ್ಪ ಇಳಿಯೋದು ಎಲ್ಲರ ಗ್ರಾಫಲ್ಲೂ ಇರುತ್ತೆ, ಆದ್ರೆ ನೀವು ಮೊದಲ ಎರಡು ನಿಮಿಷದಲ್ಲಿ ಏನ್ ಕೊಟ್ಟಿದೀರಿ ನೋಡಿ: ಮ್ಯೂಸಿಕ್ಕು, ಎಲ್ಲರಿಗೂ ಸ್ವಾಗತ, ಚಾನೆಲ್ಲಿನ ಉದ್ದೇಶ, ಸಬ್‌ಸ್ಕ್ರೈಬ್ ಮಾಡಿ, ಆಮೇಲೆ ಗೌಡರು ಹುಟ್ಟಿದ್ದೆಲ್ಲಿ ಓದಿದ್ದೆಷ್ಟು. ಆ ಮನುಷ್ಯ ಮಳೆಗಾಲದಲ್ಲಿ ಮರದಿಂದ ಮರಕ್ಕೆ ದಾಟುವಾಗ ಹಿಡಿದ ಮರದ ತುದಿಯೇ ಮುರಿದು ಒಂದೇ ಕೈಲಿ ನೇತಾಡಿದ ಕಥೆ 41ನೇ ನಿಮಿಷದಲ್ಲಿದೆ! ಅಲ್ಲಿತನಕ ಕಾಯೋಕೆ ಕೇಳುಗ ನಿಮ್ಮ ಭಾವನೆಂಟನಾ?

ಅದರಲ್ಲಿ 30 ಸೆಕೆಂಡ್ ಕತ್ತರಿಸಿ ಮೊದಲಿಗೆ ಇಡಿ, "ತುದಿ ಲಟಕ್ ಅಂತು" ಅನ್ನೋ ಕಡೆ ನಿಲ್ಲಿಸಿ. ಇದನ್ನ ಎಲ್ಲರೂ ಹೇಳ್ತಾರೆ, ಆದ್ರೆ ಬರೀ ಇದನ್ನೇ ಮಾಡಿದ್ರೆ ಸಾಲಲ್ಲ, ಯಾಕಂದ್ರೆ ಗೌಡರು ಬದುಕಿದ್ರು ಅಂತ ಕೇಳೋನಿಗೆ ಆಗ್ಲೇ ಗೊತ್ತು, ಅವರೇ ಕೂತು ಮಾತಾಡ್ತಿದಾರಲ್ಲ! ಅವನನ್ನ ಕೂರಿಸೋದು ಬೇರೆ ಪ್ರಶ್ನೆ, ಮಾರನೇ ದಿನ ಅದೇ ಗೌಡರು ಮತ್ತೆ ಮರ ಹತ್ತಿದ್ದು ಯಾಕೆ ಅನ್ನೋದು. ಆ ಕ್ಲಿಪ್ ಮುಗಿದ ತಕ್ಷಣ ನಿಮ್ಮ ದನಿಯಲ್ಲಿ ಆ ಪ್ರಶ್ನೆ ಬರ್ಲಿ, ಎರಡೇ ವಾಕ್ಯ, ಸ್ವಾಗತ ಗೀಗತ ಎಲ್ಲ ಆಮೇಲೆ.

ನಿಮ್ಮ ಕಡೆ ತಾಳಮದ್ದಳೆ ಕೇಳೇ ಇರ್ತೀರಿ. ಯಕ್ಷಗಾನದ್ದೇ ಪ್ರಸಂಗ, ಆದ್ರೆ ವೇಷ ಇಲ್ಲ ಕುಣಿತ ಇಲ್ಲ, ಬರೀ ಹಾಡು ಮಾತು, ಆದ್ರೂ ಜನ ಬೆಳಗಿನವರೆಗೆ ಕೂರ್ತಿದ್ರು. ವಾಲಿ ಸಾಯ್ತಾನೆ ಅಂತ ಗೊತ್ತಿಲ್ಲದೋರು ಯಾರಿದ್ರು ಅಲ್ಲಿ? "ಮರೆಯಲ್ಲಿ ನಿಂತು ಬಾಣ ಬಿಟ್ಟಿದ್ದು ಯಾವ ಧರ್ಮ" ಅಂತ ವಾಲಿ ಕೇಳಿದಾಗ ರಾಮ ಇವತ್ತು ಏನ್ ಉತ್ತರ ಕೊಡ್ತಾನೆ ಅಂತ ಕೂರ್ತಿದ್ರು. ಎದುರು ಅರ್ಥಧಾರಿ (ಪಾತ್ರದ ಮಾತಾಡೋನು) ಗಟ್ಟಿ ಇದ್ರೆ ಪ್ರಸಂಗ ಏಳುತ್ತೆ, ಅವನು ಹೂಂ ಹೂಂ ಅಂತ ಕೂತ್ರೆ ಸಭೆ ಚಹಾ ಕುಡಿಯೋಕೆ ಎದ್ದು ಹೋಗುತ್ತೆ. ನೀವು ಇಡೀ ಎಪಿಸೋಡಲ್ಲಿ ಹೂಂ, ಸೂಪರ್, ಹೌದಾ ಅಷ್ಟೇ ಅಂದಿದೀರಿ (ಬೇಜಾರ್ ಮಾಡ್ಕೋಬೇಡಿ, ರೇಡಿಯೋದಲ್ಲಿ ನನ್ನ ಮೊದಲ ವರ್ಷದ ಟೇಪುಗಳೂ ಹೀಗೇ ಇದ್ವು). ಗೌಡರೇ ಒಂದು ಕಡೆ ಕಾರ್ಬನ್ ಫೈಬರ್ ದೋಟಿ (ಕೊನೆ ಕೊಯ್ಯೋ ಉದ್ದ ಕೋಲು) ವಿಷ್ಯ ತೆಗೀತಾರೆ, ನೀವು ಚೀಟಿ ನೋಡ್ಕೊಂಡು ಮುಂದಿನ ಪ್ರಶ್ನೆಗೆ ಹಾರಿಬಿಟ್ರಿ. ಅಲ್ಲೇ ಹಿಡೀಬೇಕಿತ್ತು: ಕೆಳಗೆ ನಿಂತೇ ಕೊನೆ ಇಳಿಸಬಹುದು ಅಂದ್ಮೇಲೆ ಇನ್ನು ನೀವ್ಯಾಕೆ ಬೇಕು ಗೌಡ್ರೆ, ನಿಮ್ಮ ಮಗನಿಗೆ ಈ ಕೆಲಸ ಕಲಿಸ್ತೀರಾ? ಗೌರವ ಬಿಡದೆ ಕೇಳಿ, ಆದ್ರೆ ಕೇಳಿ.

ಇನ್ನೊಂದು, ತಾಳಮದ್ದಳೆಯಲ್ಲಿ ಪದ್ಯ ಆದ್ಮೇಲೆ ಅರ್ಥ, ಅಂದ್ರೆ ಮಾತು, ಅರ್ಥ ಮುಗಿದ್ಮೇಲೆ ಮತ್ತೆ ಪದ್ಯ. ಭಾಗವತರು ಹಾಡಿದ ತಕ್ಷಣ ನಿದ್ದೆ ಹೋದೋನಿಗೂ ಕಥೆ ಎಲ್ಲಿಗೆ ಬಂತು ಅಂತ ಗೊತ್ತಾಗುತ್ತೆ. ನಿಮ್ಮ ಪಾಡ್‌ಕಾಸ್ಟಿಗೆ ಭಾಗವತರು ನೀವೇ. ಎಂಟು ಹತ್ತು ನಿಮಿಷಕ್ಕೊಂದ್ಸಲ ಎರಡು ಮಾತು, ಇಲ್ಲಿತನಕ ನೇತಾಡಿದ ಕಥೆ ಆಯ್ತು, ಈಗ ಕೂಲಿ ಲೆಕ್ಕ ನೋಡೋಣ ಅಂತ. ಇದನ್ನ ಆಮೇಲೆ ಒಬ್ಬರೇ ಕೂತು ರೆಕಾರ್ಡ್ ಮಾಡಿ ಸೇರಿಸಿದ್ರೂ ನಡೆಯುತ್ತೆ. ಕೇಳೋನು ಸ್ಕೂಟರಲ್ಲಿರ್ತಾನೆ, ಕೊಟ್ಟಿಗೆಯಲ್ಲಿರ್ತಾನೆ, ಎರಡು ನಿಮಿಷ ಗಮನ ತಪ್ಪಿದ್ರೆ ಓದುಗನ ಥರ ಹಿಂದಿನ ಪುಟ ತಿರುವೋಕಾಗಲ್ಲ ಅವನಿಗೆ.

12ನೇ ನಿಮಿಷದಲ್ಲಿ ಗ್ರಾಫ್ ಗುಂಡಿ ಬಿದ್ದು ಮತ್ತೆ ಎದ್ದಿದೆಯಲ್ಲ, ಅಷ್ಟನ್ನ ಜನ ಹಾರಿಸಿದಾರೆ, ಅಲ್ಲಿ ಬೋರ್ಡೋ ದ್ರಾವಣದ (ಅಡಿಕೆಗೆ ಹೊಡೆಯೋ ಔಷಧಿ) ಲೆಕ್ಕ ಓದಿದೀರಿ, 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ, 100 ಲೀಟರ್ ನೀರು ಅಂತ. ಲೆಕ್ಕ ಸರಿಯಾಗೇ ಇದೆ, ಆದ್ರೆ ಕಿವಿಗೆ ಅಂಕಿ ನಿಲ್ಲಲ್ಲ, ಅದನ್ನ ಡಿಸ್ಕ್ರಿಪ್ಷನ್‌ಗೆ ಹಾಕಿ.

ಪ್ರಶ್ನೆ: ಮೇಡಂ ಒಬ್ಬರು ನನ್ನ ರೊಟ್ಟಿ ವಿಡಿಯೋ ಕೆಳಗೆ ಚಾಪ್ಟರ್ (ಯಾವ ಭಾಗ ಎಷ್ಟು ನಿಮಿಷಕ್ಕೆ ಅನ್ನೋ ಪಟ್ಟಿ) ಹಾಕಿ ಅಂದ್ರು. ಎರಡು ಟೈಮ್ ಬರೆದೆ, ಬರ್ತಾನೇ ಇಲ್ಲ. ಅದೂ ಅಲ್ದೆ ಚಾಪ್ಟರ್ ಇದ್ರೆ ಜನ ಹಾರಿಸ್ಕೊಂಡು ಹೋಗಲ್ವಾ?
- ಗೃಹಿಣಿ, ಹುಬ್ಬಳ್ಳಿ

ಉತ್ತರ: ಯೂಟ್ಯೂಬಲ್ಲಿ ಕಡೇಪಕ್ಷ ಮೂರು ಟೈಮ್ ಬೇಕ್ರೀ, ಮೊದಲನೇದು 0:00 ಇರ್ಬೇಕು, ಒಂದೊಂದು ಭಾಗ 10 ಸೆಕೆಂಡಿಗಿಂತ ಕಮ್ಮಿ ಆಗಬಾರದು, ಟೈಮ್ ಏರೋ ಕ್ರಮದಲ್ಲೇ ಸಾಲಾಗಿ ಬರೀಬೇಕು. ಇಷ್ಟಾದ್ರೆ ತಾನೇ ಬರುತ್ತೆ. ಹಾರಿಸೋರು ಚಾಪ್ಟರ್ ಇಲ್ದಿದ್ರೂ ಹಾರಿಸ್ತಾರೆ, ಇದ್ರೆ ಬಿಟ್ಟೇ ಹೋಗೋ ಬದಲು ಮುಂದಿನ ಭಾಗಕ್ಕಾದ್ರೂ ಬಂದು ನಿಲ್ತಾರೆ. ಹೆಸರು ಮಾತ್ರ 'ಭಾಗ 1, ಭಾಗ 2' ಅಂತ ಇಡಬೇಡ್ರಿ, 'ರೊಟ್ಟಿ ಯಾಕೆ ಹರಿಯುತ್ತೆ?' ಅಂತ ಕೇಳೋ ಹಾಗೆ ಬರೀರಿ.