ಕುದುರೆ ಮೇಯುವ ಬೋರೆಯಲ್ಲಿ ನೆಲಸಂಪಿಗೆ

ಪ್ರಶ್ನೆ: ಅಕ್ಕಾ, ನಾವು ಸಕಲೇಶಪುರದ ಕಡೆಯವರು. ತೋಟದ ಮೇಲಿನ ಮೂರು ಎಕರೆ ಹುಲ್ಲಿನಲ್ಲಿ ಎರಡು ಹೆಣ್ಣುಕುದುರೆ ಮೇಯುತ್ತವೆ. ಬೇಸಿಗೆಯಲ್ಲಿ ಕಾಫಿ ಹೂ ಅರಳಿಸುವ ಬ್ಲಾಸಂ ಮಳೆ ಬಿದ್ದ ಮೇಲೆ ಅಲ್ಲಿ ನೆಲಸಂಪಿಗೆ, ನೆಲತಾಳೆ ಅರಳುತ್ತಿದ್ದವು. ಎರಡು ವರ್ಷದಿಂದ ತೀರಾ ಕಡಿಮೆ. ಮನೆಯವರು ಹುಲ್ಲಿಗೆ ಯೂರಿಯಾ ಹಾಕೋಣ ಅನ್ನುತ್ತಾರೆ. ಕುದುರೆಯೂ ಇರಬೇಕು, ಹೂವೂ ಉಳಿಯಬೇಕು. ಏನು ಮಾಡಲಿ?

ಉತ್ತರ: ತಂಗಿ, ಯೂರಿಯಾ ಚೀಲ ಬಿಚ್ಚುವ ಮೊದಲೇ ಕೇಳಿದೆ, ಒಳ್ಳೇದಾಯಿತು. ಗೊಬ್ಬರ ಕಂಡರೆ ಹುಲ್ಲು ಮಂಡಿಯೆತ್ತರ ಎದ್ದು ಬಿಸಿಲನ್ನೆಲ್ಲ ತಾನೇ ತಿನ್ನುತ್ತದೆ, ಅದರಡಿ ಸಣ್ಣ ಹೂಗಿಡ ಬದುಕುವುದಿಲ್ಲ. ಕಾಡುಹೂಗಳಿಗೆ ಬಡನೆಲವೇ ಇಷ್ಟ. ಲದ್ದಿಯನ್ನೂ ವಾರಕ್ಕೆರಡು ಸಲ ಬುಟ್ಟಿಗೆ ತುಂಬಿ ಕಾಫಿ ಬುಡಕ್ಕೆ ಹಾಕಿಸು. ಜಂತುಹುಳುವಿನ ಕಾಟವೂ ತಗ್ಗುತ್ತದೆ.

ದನ ಮೇದ ಹಾಗೆ ಕುದುರೆ ಮೇಯುವುದಿಲ್ಲ. ದನಕ್ಕೆ ಮೇಲ್ದವಡೆಯಲ್ಲಿ ಮುಂಬಲ್ಲಿಲ್ಲ, ನಾಲಿಗೆ ಸುತ್ತಿ ಹುಲ್ಲು ಕೀಳುತ್ತದೆ. ಕುದುರೆಗೆ ಮೇಲೂ ಕೆಳಗೂ ಹಲ್ಲು, ಕತ್ತರಿ ಹಾಕಿದಂತೆ ಬುಡಕ್ಕೇ ಕತ್ತರಿಸುತ್ತದೆ. ಅದಕ್ಕೇ ಹುಲ್ಲು ನಾಲ್ಕು ಬೆರಳಿಗಿಂತ ಕೆಳಗಿಳಿಯುವ ಮೊದಲು ಜಾಗ ಬದಲಿಸಬೇಕು.

ಮೂಡಿಗೆರೆಯ ನಮ್ಮ ಬೋರೆಯಲ್ಲಿ ನಾನೂ ಒಮ್ಮೆ ತಪ್ಪಿದ್ದೇನೆ. ನೆಲ್ಲಿಮರದ ಅಂಚಿನಲ್ಲಿ ಎಲೆಯೇ ಇಲ್ಲದ ಬರಿನೆಲದಿಂದ ನೆಲಸಂಪಿಗೆ ಎದ್ದಿತ್ತು, ಬಿಳಿ ಎಸಳು, ನಡುವೆ ನೇರಳೆ ತುಟಿ. ಹೂ ಬಾಡುವ ತನಕ ಹಗ್ಗ ಕಟ್ಟಿ ಕಾದೆ. ಬಾಡಿದ್ದೇ ತಡ, ಕುದುರೆ ಬಿಟ್ಟೆ. ಮರುವರ್ಷ ಅಲ್ಲಿ ಒಂದು ಮೊಗ್ಗೂ ಕಾಣಲಿಲ್ಲ. ಮಳೆಯಲ್ಲಿ ಕೂತು ನೆಲ ಕೆದಕಿದೆ, ಗೆಡ್ಡೆಗಳು ಸೊರಗಿ ಕಡಲೆ ಗಾತ್ರಕ್ಕೆ ಇಳಿದಿದ್ದವು. ಆಮೇಲೆ ಅರ್ಥವಾಯಿತು: ಇದಕ್ಕೆ ಹೂ ಮೊದಲು, ಎಲೆ ಆಮೇಲೆ. ಮುಂದಿನ ವರ್ಷದ ಹೂವಿಗೆ ಬುತ್ತಿ ಕಟ್ಟುವುದು ಆ ಎಲೆಯೇ. ಅದು ತಾನಾಗಿ ಹಳದಿಯಾಗಿ ಒಣಗುವ ತನಕ ಮುಟ್ಟಬಾರದು.

ಹಾಗಾಗಿ ಮೂರು ಎಕರೆಯಲ್ಲಿ ಹೂವಿನ ಒಂದು ಎಕರೆಗೆ ಬೇರೆ ಬೇಲಿ ಹಾಕು. ಮೊದಲ ಮಳೆ ಬಿದ್ದ ದಿನ ಮುಚ್ಚಿದರೆ ದೀಪಾವಳಿ ಕಳೆದು, ಎಲೆ ಒಣಗಿದ ಮೇಲೆ ತೆಗೆ. ಅಲ್ಲಿಂದ ಶಿವರಾತ್ರಿವರೆಗೆ ಚೆನ್ನಾಗಿ ಮೇಯಲಿ, ಒಣಹುಲ್ಲು ಇಳಿದರೇ ಮೊಗ್ಗಿಗೆ ಬೆಳಕು. ಇದೇನು ಹೊಸ ಉಪಾಯವಲ್ಲ. ನಮ್ಮ ಬೀರೂರು, ಅಜ್ಜಂಪುರದ ಕಡೆಯ ಅಮೃತ ಮಹಲ್ ದನಗಳ ಕಾವಲುಗಳನ್ನು, ಅಂದರೆ ಮೇವಿಗೆಂದೇ ಕಾದಿರಿಸಿದ ಹುಲ್ಲುಗಾವಲುಗಳನ್ನು, ಹಿಂದೆ ಬೇಸಿಗೆಗೆ ಬೇರೆ, ಮಳೆಗಾಲಕ್ಕೆ ಬೇರೆ, ಚಳಿಗಾಲಕ್ಕೆ ಬೇರೆ ಎಂದೇ ಹಂಚಿದ್ದರು.

ಮುಚ್ಚಿದ ತಿಂಗಳುಗಳಲ್ಲಿ ಮೇವು ಸಾಲದೆ ಬರುತ್ತದೆ, ಅದಕ್ಕೆ ಈಗಲೇ ತಯಾರಾಗು. 300 ಕಿಲೋ ತೂಕದ ಕುದುರೆಗೆ ದಿನಕ್ಕೆ ಸುಮಾರು 6 ಕಿಲೋ ಒಣಮೇವು ಬೇಕು. ಬೂಸ್ಟು ಹಿಡಿದ ಹುಲ್ಲು ಮಾತ್ರ ಬೇಡವೇ ಬೇಡ, ಕುದುರೆಗೆ ವಾಂತಿ ಮಾಡಲು ಬರುವುದಿಲ್ಲ. ಮಳೆಗೆ ಚಿಗುರಿದ ಎಳೆಹುಲ್ಲಿಗೂ ಒಮ್ಮೆಲೇ ಬಿಡಬೇಡ, ಮೊದಲ ದಿನ ಅರ್ಧ ಗಂಟೆ ಸಾಕು.

ಬೇಲಿಯಲ್ಲಿ ಗೌರಿ ಹೂ ಹಬ್ಬಿದ್ದರೆ ಕೀಳಬೇಡ. ಆದರೆ ಅದರ ಬುಡದಿಂದ ತುದಿವರೆಗೆ ವಿಷ, ಕುದುರೆಯ ಕುತ್ತಿಗೆ ಎಟುಕದಷ್ಟು ಒಳಗೆ ಇನ್ನೊಂದು ತಂತಿ ಎಳೆಸು.

ಪ್ರಶ್ನೆ: ಲಂಟಾನವೂ ಕಾಡುಹೂವೇ ಅಲ್ಲವೇ? ಚಿಟ್ಟೆ ಬರುತ್ತವೆಂದು ಉಳಿಸಿದ್ದೇನೆ. (ಬೇಲೂರಿನಿಂದ ಒಬ್ಬರು)

ಉತ್ತರ: ಅಲ್ಲ ಸ್ವಾಮಿ. ಅಮೆರಿಕ ಖಂಡದಿಂದ ಬಂದದ್ದು, ತಿಂದ ಜಾನುವಾರಿನ ಪಿತ್ತಕೋಶ, ಯಕೃತ್ತು ಕೆಡುತ್ತದೆ. ಮಳೆಗೆ ನೆಲ ಮೆತ್ತಗಾದಾಗ ಬೇರುಸಮೇತ ಕೀಳಿ. ಚಿಟ್ಟೆಗಳಿಗೆ ಬೇಲಿ ಬುಡದಲ್ಲಿ ತುಂಬೆ ಬಿಡಿ.